ಮೋಡದ ಚಿತ್ರ, ಅರ್ಥದ ಹೊಣೆ: ಆಲ್‌ಫ್ರೆಡ್ ಸ್ಟೀಗ್ಲಿಟ್ಜ್‌ನ ಬದುಕು

ಅಂಗೈಯಷ್ಟು ದೊಡ್ಡದಾದ, ಸುಮಾರು 9 ಸೆಂಟಿಮೀಟರ್‌ಗೆ 12 ಸೆಂಟಿಮೀಟರ್ ಅಳತೆಯ ಒಂದು ಕಪ್ಪು-ಬಿಳುಪು ಛಾಯಾಚಿತ್ರ. ಅದರ ಬಹುಭಾಗ ಕಪ್ಪು. ಆ ಕಪ್ಪಿನಲ್ಲಿ ಬಿಳಿಯ ಎಳೆಗಳು ಹಾಯ್ದಿವೆ, ಕೆಲವೆಡೆ ಬೂದು ಬಣ್ಣದ ಮಡಿಕೆಗಳಿವೆ, ತೆಳುವಾದ ಪರದೆಯೊಂದರ ಹಿಂದೆ ಸೂರ್ಯನ ಸಣ್ಣ ಬಿಲ್ಲೆ ಕಂಡೂ ಕಾಣದಂತಿದೆ. ದಿಗಂತವಿಲ್ಲ, ಮರದ ತುದಿಯಿಲ್ಲ, ಮನೆಯ ಚಾವಣಿಯಿಲ್ಲ. ಚಿತ್ರದ ಮೇಲುಭಾಗ ಯಾವುದು, ಕೆಳಭಾಗ ಯಾವುದು ಎಂಬುದನ್ನು ಚಿತ್ರವೇ ಹೇಳುವುದಿಲ್ಲ. ಇದು ಮೋಡದ ಚಿತ್ರ ಎಂದು ತಿಳಿಯುವುದಕ್ಕೆ ಕಷ್ಟವಿಲ್ಲ; ಆದರೆ ಹಾಗೆ ತಿಳಿದ ಮಾತ್ರಕ್ಕೆ ಚಿತ್ರದ ಅರ್ಥ ಮುಗಿಯಿತೆಂದು ಅದನ್ನು ನೋಡಿದ ಯಾರೂ ಒಪ್ಪಿಲ್ಲ. ಅಮೆರಿಕದ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಜ್ 1922ರಿಂದ 1930ರ ದಶಕದ ಮಧ್ಯಭಾಗದವರೆಗೆ ಇಂತಹ 200ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಕಥೆಯಿಲ್ಲದ, ವ್ಯಕ್ತಿಯಿಲ್ಲದ, ಸ್ಥಳದ ಗುರುತಿಲ್ಲದ ಛಾಯಾಚಿತ್ರವನ್ನು ಓದುವುದು ಹೇಗೆ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಕಲಾವಿಮರ್ಶೆಯಲ್ಲಿ ಪದೇ ಪದೇ ಎದ್ದದ್ದು ಬಹುಮಟ್ಟಿಗೆ ಈ ಚಿತ್ರಗಳ ಸುತ್ತ. ಅವು ಹುಟ್ಟಿದ ಬದುಕನ್ನು ಅರಿಯದೆ ಅವುಗಳನ್ನು ಓದಬಹುದೇ, ಅರಿತ ಮೇಲೆ ಆ ಬದುಕಿನ ಹೊರತಾಗಿ ಬೇರೇನನ್ನಾದರೂ ಕಾಣಲು ಸಾಧ್ಯವೇ ಎಂಬುದು ಆ ಪ್ರಶ್ನೆಯ ಇನ್ನೊಂದು ಮುಖ.

ಸ್ಟೀಗ್ಲಿಟ್ಜ್ ಹುಟ್ಟಿದ್ದು 1864ರ ಜನವರಿ 1ರಂದು, ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ. ತಂದೆತಾಯಿಗಳು ಜರ್ಮನಿಯಿಂದ ಬಂದು ನೆಲೆಸಿದ ಯೆಹೂದ್ಯರು. ತಂದೆ ಎಡ್ವರ್ಡ್ ಉಣ್ಣೆಯ ವ್ಯಾಪಾರದಲ್ಲಿ ಹಣ ಗಳಿಸಿ, ನಡುವಯಸ್ಸಿನಲ್ಲೇ ವ್ಯಾಪಾರದಿಂದ ನಿವೃತ್ತನಾಗಿ, ಮಕ್ಕಳ ವಿದ್ಯಾಭ್ಯಾಸಕ್ಕೆಂದು 1881ರಲ್ಲಿ ಸಂಸಾರವನ್ನು ಯುರೋಪಿಗೆ ಕರೆದೊಯ್ದ. ಮಗ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯಕ್ಕೆ ಸೇರಿದ್ದು ಇಂಜಿನಿಯರಿಂಗ್ ಕಲಿಯಲು. ಅಲ್ಲಿ ದ್ಯುತಿರಸಾಯನವನ್ನು ಬೋಧಿಸುತ್ತಿದ್ದ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್‌ನ ಪಾಠಗಳು ಆತನನ್ನು ಕ್ಯಾಮೆರಾದತ್ತ ತಿರುಗಿಸಿದವು.

ಈ ಫೋಗೆಲ್‌ನ ವಿಷಯವನ್ನು ಇಲ್ಲಿ ತುಸು ವಿಸ್ತರಿಸಬೇಕು. ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಹಣದ ಪ್ಲೇಟುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು; ಹಸಿರು, ಹಳದಿ, ಕೆಂಪುಗಳಿಗೆ ಬಹುಮಟ್ಟಿಗೆ ಕುರುಡಾಗಿದ್ದವು. ಹೀಗಾಗಿ ನೀಲಿ ಆಕಾಶವೂ ಬಿಳಿಯ ಮೋಡವೂ ಪ್ಲೇಟಿನ ಮೇಲೆ ಒಂದೇ ತೆರನಾಗಿ ದಾಖಲಾಗಿ, ಮುದ್ರಿತ ಚಿತ್ರದಲ್ಲಿ ಆಕಾಶ ಬರಿಯ ಬಿಳಿಯ ಹಾಳೆಯಾಗಿ ಉಳಿಯುತ್ತಿತ್ತು. ಪ್ಲೇಟಿನ ಲೇಪಕ್ಕೆ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಅದರ ಸಂವೇದನೆಯನ್ನು ಬೇರೆ ಬಣ್ಣಗಳಿಗೂ ಹಿಗ್ಗಿಸಬಹುದು ಎಂಬುದನ್ನು 1873ರಲ್ಲಿ ಕಂಡುಹಿಡಿದವನು ಫೋಗೆಲ್. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು ಮುಂದೆ ಸಾಧ್ಯವಾದದ್ದು ಈ ಶೋಧದ ದೆಸೆಯಿಂದ. ಶಿಷ್ಯ 1880ರ ದಶಕದಲ್ಲೇ ಸ್ವಿಟ್ಜರ್ಲೆಂಡಿನ ಮ್ಯೂರೆನ್ ಎಂಬ ಊರಿನಲ್ಲಿ ಇಂತಹ ಹೊಸ ಪ್ಲೇಟುಗಳನ್ನು ಹಿಡಿದು ಮೋಡಗಳ ಬೆನ್ನು ಹತ್ತಿದ್ದುಂಟು. ಮೋಡವನ್ನು ಮೋಡವಾಗಿಯೇ ಪ್ಲೇಟಿನ ಮೇಲೆ ಇಳಿಸುವುದು ಆಗ ತಾಂತ್ರಿಕವಾದ ಸವಾಲು. ಅದೇ ವಸ್ತು ಮೂವತ್ತೈದು ವರ್ಷಗಳ ಅನಂತರ ಆತನಿಗೆ ಅರ್ಥದ ಸವಾಲಾಗಿ ಮರಳಿ ಬಂತು.

1890ರಲ್ಲಿ ನ್ಯೂಯಾರ್ಕಿಗೆ ಮರಳಿದ ಸ್ಟೀಗ್ಲಿಟ್ಜ್‌ಗೆ ಆ ನಗರ ಒರಟಾಗಿಯೂ ಪರಕೀಯವಾಗಿಯೂ ಕಂಡಿತು. 1893ರ ಫೆಬ್ರವರಿ 22ರಂದು, ಎರವಲು ತಂದ ಕೈ ಕ್ಯಾಮೆರಾವೊಂದನ್ನು ಹಿಡಿದು, ಹಿಮದ ಬಿರುಗಾಳಿಯಲ್ಲಿ ಮೂರು ಗಂಟೆಗಳ ಕಾಲ ಬೀದಿಯಲ್ಲಿ ನಿಂತು ಆತ ತೆಗೆದ 'ವಿಂಟರ್, ಫಿಫ್ತ್ ಅವೆನ್ಯೂ' ಎಂಬ ಚಿತ್ರ ಮುಂದೆ ಪ್ರಸಿದ್ಧವಾಯಿತು. ಹಿಮದ ತೆರೆಯನ್ನು ಸೀಳಿಕೊಂಡು ಕುದುರೆಗಾಡಿಯೊಂದು ಎದುರಿಗೆ ಬರುತ್ತಿದೆ. ಗಾಡಿಯವನ ಮುಖವಾಗಲಿ ಕಟ್ಟಡಗಳ ವಿವರವಾಗಲಿ ಸ್ಪಷ್ಟವಿಲ್ಲ. ಸಂಘದ ಇತರ ಹವ್ಯಾಸಿಗಳು ನೆಗೆಟಿವ್ ಮಸುಕಾಗಿದೆ, ಅದನ್ನು ಎಸೆದುಬಿಡುವುದು ಲೇಸು ಎಂದು ಸಲಹೆ ಮಾಡಿದರೆಂಬುದು ಆತನೇ ಹೇಳಿಕೊಂಡ ಕಥೆ. ಗಮನಿಸಬೇಕಾದ ಅಂಶವೆಂದರೆ, ಪ್ರಕಟವಾದ ಚಿತ್ರ ಆ ನೆಗೆಟಿವ್‌ನ ಒಂದು ಭಾಗ ಮಾತ್ರ. ಅಂಚುಗಳನ್ನು ಕತ್ತರಿಸಿ ತೆಗೆದ ಮೇಲೆಯೇ ಗಾಡಿ ಅಷ್ಟು ಒಂಟಿಯಾಗಿಯೂ ಬೀದಿ ಅಷ್ಟು ನಿರ್ಜನವಾಗಿಯೂ ಕಾಣತೊಡಗಿತು. ಚಿತ್ರದ ಭಾವಕ್ಕೆ ಹಿಮ ಎಷ್ಟು ಕಾರಣವೋ ಕತ್ತರಿಯೂ ಅಷ್ಟೇ ಕಾರಣ.

ಆ ಕಾಲದಲ್ಲಿ ಛಾಯಾಗ್ರಹಣ ಕಲೆಯೋ ಯಂತ್ರದ ಕೆಲಸವೋ ಎಂಬ ವಾದ ಬಿರುಸಾಗಿತ್ತು. ಕಲೆ ಎನ್ನುವವರು ಕ್ಯಾಮೆರಾದ ಸ್ಪಷ್ಟತೆಯನ್ನೇ ಮೊದಲು ಬಿಟ್ಟುಕೊಟ್ಟರು: ಮೃದುವಾದ ಮಸೂರ, ಒರಟು ಕಾಗದ, ಕುಂಚದಿಂದ ಬಳಿದ ವರ್ಣದ್ರವ್ಯಗಳ ಮೂಲಕ ಛಾಯಾಚಿತ್ರವನ್ನು ವರ್ಣಚಿತ್ರದ ಸಮೀಪಕ್ಕೆ ತಂದರು. 1902ರಲ್ಲಿ ಸ್ಟೀಗ್ಲಿಟ್ಜ್ ಹುಟ್ಟುಹಾಕಿದ 'ಫೋಟೋ-ಸಿಸೆಷನ್' ಎಂಬ ಗುಂಪು ಈ ಪಂಥದ ಮುಂಚೂಣಿಯಲ್ಲಿತ್ತು. ಗುಂಪಿನ ಅತ್ಯಂತ ಪ್ರತಿಭಾವಂತನಾದ ಎಡ್ವರ್ಡ್ ಸ್ಟೈಕನ್ 1904ರಲ್ಲಿ ರಚಿಸಿದ 'ದಿ ಪಾಂಡ್: ಮೂನ್‌ಲೈಟ್' ಇದಕ್ಕೆ ಒಳ್ಳೆಯ ನಿದರ್ಶನ. ಕೊಳ, ಅದರಾಚೆ ಮರಗಳ ಸಾಲು, ಕಾಂಡಗಳ ನಡುವೆ ಒಂದು ಬೆಳಕು, ನೀರಿನಲ್ಲಿ ಅದರ ನೆರಳು. ಬೆಳದಿಂಗಳು ಎಂಬ ಶೀರ್ಷಿಕೆಯಿಲ್ಲದಿದ್ದರೆ ಮುಸ್ಸಂಜೆಯೆಂದೇ ತಿಳಿಯಲು ಅಡ್ಡಿಯಿಲ್ಲ. (ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಸೇರಿದ್ದ ಇದರ ಒಂದು ಪ್ರತಿ 2006ರಲ್ಲಿ 29 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಅಸ್ಪಷ್ಟತೆಗೆ ಬೆಲೆಯಿಲ್ಲವೆನ್ನುವಂತಿಲ್ಲ.) ಇಲ್ಲಿ ಸಂದಿಗ್ಧತೆ ಹುಟ್ಟುವುದು ಚಿತ್ರದ ಮೇಲ್ಮೈಯಲ್ಲಿ, ಕೈಗೆಲಸದಿಂದ. ಸ್ಟೀಗ್ಲಿಟ್ಜ್ ಈ ಮಾರ್ಗವನ್ನು ಹಲವು ವರ್ಷ ಸಮರ್ಥಿಸಿ, ಕ್ರಮೇಣ ಅದರಿಂದ ದೂರ ಸರಿದ. ಮಸುಕು ಮಾಡದೆಯೂ ಚಿತ್ರವೊಂದು ಕಾಣುವುದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲುದೇ ಎಂಬುದು ಆತನ ಮುಂದಿನ ಹುಡುಕಾಟವಾಯಿತು.

ಆತನ ಸಂಘಟನೆಯ ಕೆಲಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1903ರಿಂದ 1917ರವರೆಗೆ ಹೊರಬಂದ 'ಕ್ಯಾಮೆರಾ ವರ್ಕ್' ಪತ್ರಿಕೆಯ 50 ಸಂಚಿಕೆಗಳು, 1905ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನಲ್ಲಿ ಆರಂಭವಾಗಿ ಮನೆಯ ಸಂಖ್ಯೆಯಿಂದಲೇ '291' ಎಂದು ಹೆಸರಾದ ಪುಟ್ಟ ಗ್ಯಾಲರಿ, ಅಲ್ಲಿ ನಡೆದ ರೋದಾನ್, ಮತೀಸ್, ಪಿಕಾಸೊ ಪ್ರದರ್ಶನಗಳು ಅಮೆರಿಕದ ಕಲಾಭಿರುಚಿಯನ್ನು ತಿದ್ದಿದವು. 1912ರ 'ಕ್ಯಾಮೆರಾ ವರ್ಕ್' ಸಂಚಿಕೆಯೊಂದರಲ್ಲಿ, ಬಣ್ಣ ಮತ್ತು ಆಕಾರಗಳು ವಸ್ತುವಿನ ಹಂಗಿಲ್ಲದೆ ಸಂಗೀತದಂತೆ ನೇರವಾಗಿ ಮನಸ್ಸನ್ನು ಮುಟ್ಟಬಲ್ಲವೆಂದು ವಾದಿಸಿದ ಕಾಂಡಿನ್‌ಸ್ಕಿಯ ಗ್ರಂಥದ ಭಾಗವೊಂದು ಅಚ್ಚಾಯಿತು. ಮೋಡದ ಚಿತ್ರಗಳ ಹಿಂದಿನ ವಿಚಾರಕ್ಕೆ ಇದು ಮುಖ್ಯವಾದ ಎಳೆ. ಪತ್ರಿಕೆ ನಿಲ್ಲುವ ವೇಳೆಗೆ ಚಂದಾದಾರರ ಸಂಖ್ಯೆ ನಲವತ್ತಕ್ಕೂ ಕೆಳಗಿಳಿದಿತ್ತು.

ಸ್ಟೀಗ್ಲಿಟ್ಜ್‌ನ ಅತ್ಯಂತ ಪ್ರಸಿದ್ಧ ಚಿತ್ರ 'ದಿ ಸ್ಟೀರೇಜ್'. 1907ರ ಬೇಸಗೆಯಲ್ಲಿ ಹೆಂಡತಿ ಎಮ್ಮೆಲೈನ್ ಮತ್ತು ಮಗಳೊಡನೆ ಹಡಗಿನ ಮೊದಲ ದರ್ಜೆಯಲ್ಲಿ ಪ್ರಯಾಣಿಸುತ್ತಿದ್ದಾಗ, ಕೆಳಗಿನ ಅಗ್ಗದ ದರ್ಜೆಯ ಅಟ್ಟದ ಮೇಲೆ ಕಿಕ್ಕಿರಿದಿದ್ದ ಜನರನ್ನು ಕಂಡು ತೆಗೆದದ್ದು. ನಡುವೆ ಬಿಳಿಯ ಸೇತುವೆಯೊಂದು ಚಿತ್ರವನ್ನು ಓರೆಯಾಗಿ ಎರಡು ಲೋಕಗಳಾಗಿ ಸೀಳುತ್ತದೆ. ಈ ಚಿತ್ರವನ್ನು ತಲೆಮಾರುಗಳ ಕಾಲ ಅಮೆರಿಕಕ್ಕೆ ಬರುತ್ತಿರುವ ಬಡ ವಲಸಿಗರ ಆಶಾಭಾವದ ಸಂಕೇತವಾಗಿ ಓದಲಾಯಿತು. ಪಠ್ಯಪುಸ್ತಕಗಳಲ್ಲಿ ಹಾಗೆಯೇ ಬಳಸಲಾಯಿತು. ವಾಸ್ತವದಲ್ಲಿ 'ಕೈಸರ್ ವಿಲ್‌ಹೆಲ್ಮ್ 2' ಎಂಬ ಆ ಹಡಗು ಹೊರಟಿದ್ದು ನ್ಯೂಯಾರ್ಕಿನಿಂದ ಯುರೋಪಿನ ಕಡೆಗೆ. ಚಿತ್ರದಲ್ಲಿರುವವರು ಬರುತ್ತಿರುವವರಲ್ಲ, ಹಿಂದಿರುಗುತ್ತಿರುವವರು. ಚಿತ್ರದ ಒಳಗೆ ಹಡಗಿನ ದಿಕ್ಕನ್ನು ತಿಳಿಸುವ ಒಂದು ಗುರುತೂ ಇಲ್ಲ. ದಿಕ್ಕನ್ನು ಕೊಟ್ಟವರು ನೋಡುಗರು.

ಇನ್ನೊಂದು ತೊಡಕಿದೆ. ತನ್ನನ್ನು ಸೆಳೆದದ್ದು ಜನರ ಬಡತನಕ್ಕಿಂತ ಹೆಚ್ಚಾಗಿ ಆಕಾರಗಳ ಸಂಬಂಧ, ದುಂಡನೆಯ ಹುಲ್ಲುಟೋಪಿ, ಓರೆಯಾದ ಕೊಳವೆ, ಬಿಳಿಯ ಸೇತುವೆ ಮತ್ತು ಅವುಗಳೊಡನೆ ಬೆಸೆದ ತನ್ನ ಒಳಗಿನ ಭಾವ ಎಂದು ಸ್ಟೀಗ್ಲಿಟ್ಜ್ ವಿವರಿಸಿದ್ದಾನೆ. ಮೊದಲ ದರ್ಜೆಯ ಸಹಪ್ರಯಾಣಿಕರ ಬಗ್ಗೆ ಹುಟ್ಟಿದ ಹೇಸಿಗೆ, ಓಡಿಹೋಗಿ ಕ್ಯಾಮೆರಾ ತಂದದ್ದು, ಬಳಸದೆ ಉಳಿದಿದ್ದ ಒಂದೇ ಒಂದು ಪ್ಲೇಟು, ಎಲ್ಲವೂ ಆ ವೃತ್ತಾಂತದಲ್ಲಿವೆ. ಆದರೆ ಈ ವೃತ್ತಾಂತ ಅಚ್ಚಾದದ್ದು 1942ರಲ್ಲಿ, ಘಟನೆಯ 35 ವರ್ಷಗಳ ಬಳಿಕ. ಚಿತ್ರವನ್ನು 'ಕ್ಯಾಮೆರಾ ವರ್ಕ್'ನಲ್ಲಿ ಆತ ಮೊದಲಿಗೆ ಪ್ರಕಟಿಸಿದ್ದೇ 1911ರಲ್ಲಿ. ಅಷ್ಟರಲ್ಲಿ ಪಿಕಾಸೊವಿನ ಪರಿಚಯವಾಗಿತ್ತು, ಘನಾಕೃತಿ ಪಂಥದ ಭಾಷೆ ಕೈಗೆ ಬಂದಿತ್ತು. ತೆಗೆದ ಗಳಿಗೆಯ ಅರ್ಥವೆಂದು ಆತ ಹೇಳಿದ್ದರಲ್ಲಿ ಬಹುಪಾಲು ಆನಂತರ ಓದಿಕೊಂಡ ಅರ್ಥವೆಂದು ಶಂಕಿಸಲು ಸಾಕಷ್ಟು ಕಾರಣಗಳಿವೆ. 1975ರಲ್ಲಿ ಅಲನ್ ಸೆಕುಲ ಈ ಚಿತ್ರವನ್ನು ಲೂಯಿಸ್ ಹೈನ್ ಎಲ್ಲಿಸ್ ದ್ವೀಪದಲ್ಲಿ ತೆಗೆದ ವಲಸಿಗರ ಚಿತ್ರದ ಜೊತೆಗಿಟ್ಟು, ಛಾಯಾಚಿತ್ರದ ಅರ್ಥ ಅದರೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ, ಅದನ್ನು ಸುತ್ತುವರಿದ ಮಾತುಗಳು ಅದನ್ನು ಕಟ್ಟುತ್ತವೆ ಎಂದು ವಾದಿಸಿದ. ಕರ್ತೃವಿನ ಹೇಳಿಕೆಯೂ ಅಂತಹ ಮಾತುಗಳಲ್ಲಿ ಒಂದು ಎಂಬುದನ್ನು ಆ ವಾದಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ತನ್ನ ಕ್ಯಾಮೆರಾ ವಸ್ತುವಿನ ಅರ್ಥವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದು ಸ್ಟೀಗ್ಲಿಟ್ಜ್‌ಗೆ ಚೆನ್ನಾಗಿ ಗೊತ್ತಿತ್ತು. 1917ರ ಏಪ್ರಿಲ್‌ನಲ್ಲಿ ಮಾರ್ಸೆಲ್ ದ್ಯುಶಾನ್ ಮೂತ್ರದ ಬೋಗುಣಿಯೊಂದನ್ನು 'ಫೌಂಟನ್' ಎಂಬ ಹೆಸರಿನಲ್ಲಿ ಪ್ರದರ್ಶನಕ್ಕೆ ಕಳಿಸಿ ಅದು ನಿರಾಕೃತವಾದಾಗ, ಆ ವಸ್ತುವನ್ನು '291'ಕ್ಕೆ ತಂದು ಚಿತ್ರ ತೆಗೆಯಲಾಯಿತು. ಹಿಂಬದಿಗೆ ಮಾರ್ಸ್‌ಡನ್ ಹಾರ್ಟ್‌ಲಿಯ ವರ್ಣಚಿತ್ರವೊಂದನ್ನು ನಿಲ್ಲಿಸಿ, ಮೇಲಿನಿಂದ ಬೆಳಕು ಬೀಳುವಂತೆ ಮಾಡಿ ತೆಗೆದ ಆ ಚಿತ್ರದಲ್ಲಿ ಪಿಂಗಾಣಿಯ ಬೋಗುಣಿಯ ಒಳಗೆ ಮುಸುಕಿನಂತಹ ನೆರಳು ಬಿದ್ದಿದೆ. ಕೆಲವರಿಗೆ ಅದರಲ್ಲಿ ಕುಳಿತ ಬುದ್ಧ ಕಂಡ, ಕೆಲವರಿಗೆ ಮಾತೆ ಮೇರಿ ಕಂಡಳು. ಮೂಲ ವಸ್ತು ಕಳೆದುಹೋಯಿತು; ಈಗ ಉಳಿದಿರುವುದು ಆ ಛಾಯಾಚಿತ್ರ, ಅದರ ನೆರಳು. ಕಲೆಯೇ ಅಲ್ಲವೆಂದು ಹೊರಹಾಕಿದ ಒಂದು ವಸ್ತುವನ್ನು ವಿಮರ್ಶಕರು ನೂರು ವರ್ಷಗಳಿಂದ ಓದುತ್ತಿರುವುದು ಸ್ಟೀಗ್ಲಿಟ್ಜ್ ಇಟ್ಟ ಬೆಳಕಿನಲ್ಲಿ.

ಇದೇ ಶಕ್ತಿ ಒಬ್ಬ ವ್ಯಕ್ತಿಯ ಮೇಲೆ ಪ್ರಯೋಗವಾದಾಗ ಪರಿಣಾಮ ಅಷ್ಟು ನಿರುಪದ್ರವಿಯಾಗಿರಲಿಲ್ಲ. 1916ರಲ್ಲಿ ಜಾರ್ಜಿಯಾ ಓಕೀಫ್ ಎಂಬ ಕಲಾ ಶಿಕ್ಷಕಿಯ ಇದ್ದಿಲಿನ ರೇಖಾಚಿತ್ರಗಳು ಗೆಳತಿಯೊಬ್ಬಳ ಮೂಲಕ ಸ್ಟೀಗ್ಲಿಟ್ಜ್‌ನ ಕೈಗೆ ಬಂದವು. ಅವುಗಳನ್ನು ಆತ '291'ರಲ್ಲಿ ಪ್ರದರ್ಶಿಸಿದ. 1918ರಲ್ಲಿ ಹೆಂಡತಿಯನ್ನು ತೊರೆದು ಓಕೀಫಳೊಡನೆ ಬಾಳತೊಡಗಿದ. 1924ರಲ್ಲಿ ಇಬ್ಬರೂ ಮದುವೆಯಾದರು. ಎರಡು ದಶಕಗಳಲ್ಲಿ ಆತ ಆಕೆಯ 300ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ತೆಗೆದ: ಮುಖ, ಕೈಗಳು, ಕೊರಳು, ನಗ್ನದೇಹದ ಭಾಗಗಳು. ಒಂದೇ ಮುಖದಲ್ಲಿ ವ್ಯಕ್ತಿತ್ವ ಮುಗಿಯುವುದಿಲ್ಲ, ಅನೇಕ ಚಿತ್ರಗಳು ಕೂಡಿ ಒಂದು ಭಾವಚಿತ್ರವಾಗುತ್ತದೆ ಎಂಬುದು ಆತನ ನಿಲುವು. 1921ರ ಪ್ರದರ್ಶನದಲ್ಲಿ ಇವುಗಳಲ್ಲಿ ಹಲವನ್ನು ಕಂಡ ನ್ಯೂಯಾರ್ಕಿನ ವಿಮರ್ಶಕರು, ಅನಂತರ ಬಂದ ಆಕೆಯ ಹೂಗಳ ಹಾಗೂ ಅಮೂರ್ತ ಆಕಾರಗಳ ವರ್ಣಚಿತ್ರಗಳನ್ನು ಆ ದೇಹದ ಮೂಲಕವೇ ಓದಿದರು. ಹೆಣ್ಣಿನ ಲೈಂಗಿಕತೆಯ ಅಭಿವ್ಯಕ್ತಿ ಎಂಬ ಆ ಓದನ್ನು ಸ್ಟೀಗ್ಲಿಟ್ಜ್ ಪೋಷಿಸಿದ. ಓಕೀಫ್ ಅದನ್ನು ಬದುಕಿರುವವರೆಗೂ ನಿರಾಕರಿಸುತ್ತಲೇ ಬಂದಳು. ಆಕೆಯ ಚಿತ್ರಗಳ ಸಂದಿಗ್ಧತೆ ಆಕೆಯದು. ಅದನ್ನು ಮುಚ್ಚಿದ ಅರ್ಥ ಇನ್ನೊಬ್ಬನ ಛಾಯಾಚಿತ್ರಗಳಿಂದ ಬಂದದ್ದು. ಸ್ಟೀಗ್ಲಿಟ್ಜ್‌ನನ್ನು ಆಧುನಿಕ ಕಲೆಯ ಉದಾರ ಪೋಷಕನೆಂದಷ್ಟೇ ಚಿತ್ರಿಸುವ ಜೀವನಚರಿತ್ರೆಗಳು ಈ ಅಂಶವನ್ನು ಬೇಗ ದಾಟಿಬಿಡುತ್ತವೆ.

ಮೋಡದ ಚಿತ್ರಗಳು ಆರಂಭವಾದದ್ದು 1922ರ ಬೇಸಗೆಯಲ್ಲಿ, ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಸರೋವರದ ದಂಡೆಯ ಕುಟುಂಬದ ತೋಟದಲ್ಲಿ. ಮರುವರ್ಷ ಬರೆದ ಲೇಖನವೊಂದರಲ್ಲಿ ಸ್ಟೀಗ್ಲಿಟ್ಜ್ ಇದಕ್ಕೆ ಕಾರಣಗಳನ್ನು ವಿವರಿಸಿದ. ಆತನ ಭಾವಚಿತ್ರಗಳ ಬಲ ಆತ ತನ್ನೆದುರು ಕುಳಿತವರ ಮೇಲೆ ಬೀರುವ ಸಮ್ಮೋಹನದಿಂದ ಬಂದದ್ದೆಂದು ಲೇಖಕ ವಾಲ್ಡೊ ಫ್ರಾಂಕ್ ಅಭಿಪ್ರಾಯಪಟ್ಟದ್ದು ಒಂದು. ಸಂಗೀತದ ಒಲವುಳ್ಳ ಆತ ಪಿಯಾನೊ ನುಡಿಸುವುದನ್ನು ಏಕೆ ಬಿಟ್ಟ ಎಂದು ಭಾವಮೈದುನ ಕೇಳಿದ್ದು ಇನ್ನೊಂದು. ಯಾರ ಅಪ್ಪಣೆಯೂ ಬೇಕಿಲ್ಲದ, ಯಾರ ಮೇಲೂ ಸಮ್ಮೋಹನ ನಡೆಯದ, ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುವ ವಸ್ತುವನ್ನು ಆರಿಸಿಕೊಂಡು, ನಲವತ್ತು ವರ್ಷಗಳಲ್ಲಿ ತಾನು ಕಲಿತದ್ದೇನೆಂದು ತೋರಿಸುವುದು ಆತನ ಸಂಕಲ್ಪವಾಗಿತ್ತು. ಚಿತ್ರಗಳನ್ನು ನೋಡಿದ ಸಂಗೀತಕಾರ ಅರ್ನೆಸ್ಟ್ ಬ್ಲಾಕ್ ಸಂಗೀತ, ಸಂಗೀತ ಎಂದು ಉದ್ಗರಿಸಬೇಕೆಂದು ಆತ ಮೊದಲೇ ಬಯಸಿದ್ದನಂತೆ. ಬ್ಲಾಕ್ ಹಾಗೆಯೇ ಉದ್ಗರಿಸಿದನೆಂದು ಲೇಖನ ಹೇಳುತ್ತದೆ. ಮುಕ್ತವಾದ ಚಿತ್ರವೊಂದಕ್ಕೆ ನೋಡುಗನ ಪ್ರತಿಕ್ರಿಯೆಯನ್ನೂ ಕರ್ತೃವೇ ಮುಂಗಡವಾಗಿ ಬರೆದಿಟ್ಟಿದ್ದ ಎಂಬುದು ಇಲ್ಲಿನ ವಿರೋಧಾಭಾಸ.

ಅದೇ ಲೇಖನದಲ್ಲಿ, ವಾದದ ನಡುವೆ ಬಂದುಹೋಗುವ ಕೆಲವು ಸಾಲುಗಳು ಈ ಕಾರಣಗಳೆಲ್ಲಕ್ಕಿಂತ ಹೆಚ್ಚಿನದನ್ನು ತಿಳಿಸುತ್ತವೆ. ಆ ಬೇಸಗೆಯಲ್ಲಿ ತಾಯಿ ಸಾವಿನತ್ತ ಸಾಗುತ್ತಿದ್ದಳು. ತೋಟ ಹಾಳು ಬೀಳುತ್ತಿತ್ತು. 37 ವರ್ಷದ ಮುದಿ ಕುದುರೆಯೊಂದನ್ನು 70 ವರ್ಷದ ಗಾಡಿಯವನು ಹೇಗೋ ಬದುಕಿಸಿಕೊಂಡಿದ್ದ. ಚೆಸ್ಟ್‌ನಟ್ ಮರಗಳು ಒಂದೊಂದಾಗಿ ಸಾಯುತ್ತಿದ್ದವು. ತಾಯಿ ಹೆಡ್‌ವಿಗ್ ಅದೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡಳು. ಮೊದಲ ಸರಣಿಯ ಹತ್ತು ಚಿತ್ರಗಳಲ್ಲಿ ಬೆಟ್ಟದ ಮೇಲೆ ಕವಿದ ಕಾರ್ಮೋಡವೂ ಅದರ ಬುಡದಲ್ಲಿ ಬಿಳಿಯ ಚುಕ್ಕೆಯಂತಹ ಸಣ್ಣ ಮನೆಯೂ ಇವೆ. ಮರುವರ್ಷದಿಂದ ಆತ ಕೈಯಲ್ಲಿ ಹಿಡಿಯಬಹುದಾದ ಗ್ರಾಫ್ಲೆಕ್ಸ್ ಕ್ಯಾಮೆರಾವನ್ನು ನೇರವಾಗಿ ಮೇಲಕ್ಕೆ ತಿರುಗಿಸಿದ. ಬೆಟ್ಟವೂ ಮನೆಯೂ ಹೆಚ್ಚಿನ ಚಿತ್ರಗಳಿಂದ ಮರೆಯಾದವು. ನೆಗೆಟಿವ್‌ನಷ್ಟೇ ಅಳತೆಯ ಕಾಗದದ ಮೇಲೆ ನೇರವಾಗಿ ಮುದ್ರಿಸಿ, ಆ ಸಣ್ಣ ಚಿತ್ರವನ್ನು ದೊಡ್ಡ ಬಿಳಿಯ ಹಲಗೆಯ ನಡುವೆ ಕೂರಿಸುವುದು ಆತನ ಪದ್ಧತಿ. ಇಲ್ಲಿ ಮಸುಕು ಮಸೂರವಿಲ್ಲ, ಕುಂಚದ ಕೆಲಸವಿಲ್ಲ. ಮೋಡ ಅತ್ಯಂತ ಸ್ಪಷ್ಟವಾಗಿದೆ. ಸಂದಿಗ್ಧತೆ ಈಗ ಚಿತ್ರದ ಮೇಲ್ಮೈಯನ್ನು ಬಿಟ್ಟು ಅರ್ಥಕ್ಕೆ ಸರಿದಿದೆ.

ಈ ಚಿತ್ರಗಳಿಗೆ ಆತ ಇಟ್ಟ ಹೆಸರುಗಳು ಬದಲಾದ ಬಗೆಯೂ ಅರ್ಥಪೂರ್ಣವಾಗಿದೆ. 1922ರ ಸರಣಿಗೆ 'ಮ್ಯೂಸಿಕ್', 1923ರ ಚಿತ್ರಗಳಿಗೆ 'ಸಾಂಗ್ಸ್ ಆಫ್ ದಿ ಸ್ಕೈ', 1925ರಿಂದ 'ಈಕ್ವಿವಲೆಂಟ್ಸ್'. ಸಂಗೀತದ ಉಪಮೆ ಕಳಚಿ, ಕೇವಲ ಸಂಬಂಧವನ್ನು ಸೂಚಿಸುವ ಪದ ಉಳಿಯಿತು. ಕನ್ನಡದಲ್ಲಿ ಇದಕ್ಕೆ ತಕ್ಕ ಮಾತನ್ನು ಹುಡುಕುವುದು ಸುಲಭವಲ್ಲ. 'ಪ್ರತಿರೂಪ' ಎಂದರೆ ಮೂಲಕ್ಕೊಂದು ರೂಪವಿದೆಯೆಂದು ಒಪ್ಪಿದಂತಾಗುತ್ತದೆ; 'ಸಂಕೇತ' ಎಂದರೆ ಮೋಡಕ್ಕೂ ಅರ್ಥಕ್ಕೂ ಮೊದಲೇ ಆದ ಒಪ್ಪಂದವನ್ನು ಊಹಿಸಿದಂತಾಗುತ್ತದೆ. 'ಸಮತುಲ್ಯ' ಎಂಬುದು ತಕ್ಕಡಿಯನ್ನು ನೆನಪಿಸಿದರೂ ಬಹುಶಃ ಹತ್ತಿರದ್ದು: ತನ್ನೊಳಗಿನ ಯಾವುದೋ ಅನುಭವಕ್ಕೆ ಈ ಚಿತ್ರ ತೂಕದಲ್ಲಿ ಸಮ ಎಂಬುದಷ್ಟೇ ಸ್ಟೀಗ್ಲಿಟ್ಜ್‌ನ ಹಕ್ಕುದಾರಿಕೆ. ಆ ಅನುಭವ ಯಾವುದೆಂಬುದನ್ನು ಆತ ಹೆಸರಿನಲ್ಲಿ ಹೇಳಲಿಲ್ಲ.

ಭಾರತೀಯ ಕಾವ್ಯಮೀಮಾಂಸೆಯ ಪರಿಚಯವಿರುವವರಿಗೆ ಇಲ್ಲಿ ಧ್ವನಿತತ್ತ್ವ ನೆನಪಾಗುವುದು ಸಹಜ. ಆದರೆ ಹೋಲಿಕೆಯಲ್ಲಿ ಎಚ್ಚರ ಬೇಕು. ಆನಂದವರ್ಧನನ ಪ್ರಕಾರ ವ್ಯಂಗ್ಯಾರ್ಥಕ್ಕೆ ಹೋಗುವ ದಾರಿ ವಾಚ್ಯಾರ್ಥದ ಮೂಲಕವೇ. ವಾಚ್ಯವನ್ನು ಉಳಿಸಿಕೊಂಡೇ ಅದನ್ನು ಅನ್ಯಪರವಾಗಿಸುವ ಧ್ವನಿಪ್ರಕಾರವನ್ನು ಆತ ವಿವಕ್ಷಿತಾನ್ಯಪರವಾಚ್ಯವೆಂದು ಕರೆದ. ಈ ಛಾಯಾಚಿತ್ರಗಳಲ್ಲಿ ಮೋಡ ಕೊನೆಯವರೆಗೂ ಮೋಡವಾಗಿಯೇ ಉಳಿಯುತ್ತದೆ ಎಂಬಷ್ಟಕ್ಕೆ ಹೋಲಿಕೆ ಸಲ್ಲುತ್ತದೆ. ಆದರೆ ಧ್ವನಿಗೆ ಪ್ರಕರಣ ಬೇಕು: ಹೇಳುವವರು ಯಾರು, ಕೇಳುವವರು ಯಾರು, ಸಂದರ್ಭ ಯಾವುದು ಎಂಬ ಅರಿವಿನಿಂದಲೇ ಸಹೃದಯ ವ್ಯಂಗ್ಯವನ್ನು ಮುಟ್ಟುತ್ತಾನೆ. ಸ್ಟೀಗ್ಲಿಟ್ಜ್ ಪ್ರಕರಣವನ್ನು ಚಿತ್ರದಿಂದ ಕತ್ತರಿಸಿ ತೆಗೆದ, ಬಳಿಕ ಗ್ಯಾಲರಿಯಲ್ಲಿ ನಿಂತು ಮಾತಿನ ಮೂಲಕ ಅದನ್ನು ತಾನೇ ಹಂಚುತ್ತಿದ್ದ. 1925ರಿಂದ 1929ರವರೆಗಿನ 'ಇಂಟಿಮೇಟ್ ಗ್ಯಾಲರಿ'ಯಲ್ಲೂ, ಆ ಬಳಿಕ ಸಾಯುವವರೆಗೂ ನಡೆಸಿದ 'ಆ್ಯನ್ ಅಮೆರಿಕನ್ ಪ್ಲೇಸ್'ನಲ್ಲೂ ಬಂದವರೊಡನೆ ಆತ ಗಂಟೆಗಟ್ಟಲೆ ಮಾತಾಡುತ್ತಿದ್ದುದು ಪ್ರಸಿದ್ಧ.

ಭಾರತೀಯ ಚಿಂತನೆಯೊಡನೆ ಸ್ಟೀಗ್ಲಿಟ್ಜ್‌ಗೆ ನಿಜವಾದ ಒಂದು ಸಂಬಂಧವಿದೆ. ಅದು ಸಿದ್ಧಾಂತದ್ದಲ್ಲ, ವ್ಯಕ್ತಿಯದು. ಬಾಸ್ಟನ್ನಿನ ಲಲಿತಕಲೆಗಳ ವಸ್ತುಸಂಗ್ರಹಾಲಯದಲ್ಲಿ 1917ರಿಂದ ಭಾರತೀಯ ಕಲಾವಿಭಾಗದ ಪಾಲಕರಾಗಿದ್ದ ಆನಂದ ಕುಮಾರಸ್ವಾಮಿಯವರು ಸ್ವತಃ ಛಾಯಾಗ್ರಾಹಕರೂ ಆಗಿದ್ದರು. ಸ್ಟೀಗ್ಲಿಟ್ಜ್‌ನ ಚಿತ್ರಗಳನ್ನು ಸಂಗ್ರಹಾಲಯಕ್ಕೆ ತರಲು ಅವರು ಆಸಕ್ತಿ ವಹಿಸಿದ್ದರಿಂದ 1924ರಲ್ಲಿ 27 ಛಾಯಾಚಿತ್ರಗಳು ಅಲ್ಲಿಗೆ ಸೇರಿದವು. ಅಮೆರಿಕದ ದೊಡ್ಡ ಕಲಾ ವಸ್ತುಸಂಗ್ರಹಾಲಯವೊಂದು ಛಾಯಾಚಿತ್ರವನ್ನು ಕಲಾಕೃತಿಯಾಗಿ ಅಂಗೀಕರಿಸಿದ ಮೊದಲ ಪ್ರಸಂಗಗಳಲ್ಲಿ ಇದು ಒಂದು. ಕುಮಾರಸ್ವಾಮಿಯವರು 1918ರಲ್ಲಿ ನ್ಯೂಯಾರ್ಕಿನಿಂದ ಪ್ರಕಟಿಸಿದ 'ದಿ ಡಾನ್ಸ್ ಆಫ್ ಶಿವ' ಸಂಕಲನದಲ್ಲಿ ರಸ, ರಸಿಕ, ವ್ಯಂಜನಗಳನ್ನು ಪಾಶ್ಚಾತ್ಯ ಓದುಗರಿಗೆ ಪರಿಚಯಿಸಿದ್ದರು. ಸೌಂದರ್ಯದ ಅನುಭವ ರಸಿಕನ ಯೋಗ್ಯತೆಯನ್ನು ಅವಲಂಬಿಸಿದ್ದೆಂದು ವಾದಿಸಿದ್ದರು. ಆದರೆ ಕಲೆಯೆಂದರೆ ಕಲಾವಿದನ ಖಾಸಗಿ ಭಾವದ ಅಭಿವ್ಯಕ್ತಿ ಎಂಬ ಆಧುನಿಕ ನಂಬಿಕೆಯನ್ನು ಅವರು ಮುಂದೆ ಕಟುವಾಗಿ ಖಂಡಿಸಿದರು. ಖಾಸಗಿ ಭಾವಕ್ಕೆ ಸಮತುಲ್ಯವೆಂದು ಘೋಷಿಸಿಕೊಂಡ ಚಿತ್ರಗಳ ಕರ್ತೃವಿಗೆ ಸಂಗ್ರಹಾಲಯದ ಬಾಗಿಲನ್ನು ತೆರೆಸಿದವರು ಅವರೇ ಎಂಬುದು ಸ್ವಾರಸ್ಯಕರ.

ಆ ಖಾಸಗಿ ಬದುಕಿನಲ್ಲಿ ದುಃಖಕ್ಕೆ ಕೊರತೆಯಿರಲಿಲ್ಲ. ಒಬ್ಬಳೇ ಮಗಳು ಕ್ಯಾಥರಿನ್ 1923ರಲ್ಲಿ ಮಗುವನ್ನು ಹೆತ್ತ ಬಳಿಕ ತೀವ್ರವಾದ ಮನೋವ್ಯಾಧಿಗೆ ತುತ್ತಾಗಿ ಉಳಿದ ಬದುಕನ್ನು ಚಿಕಿತ್ಸಾಲಯದಲ್ಲಿ ಕಳೆದಳು. ಮೋಡದ ಚಿತ್ರಗಳು ಕಪ್ಪಾಗುತ್ತಾ ಹೋದದ್ದೂ ಆ ವರ್ಷಗಳಲ್ಲೇ. 1920ರ ದಶಕದ ಕೊನೆಯಲ್ಲಿ ಡೊರೊತಿ ನಾರ್ಮನ್ ಎಂಬ ತರುಣಿಯೊಡನೆ ಆತನಿಗೆ ಆಪ್ತ ಸಂಬಂಧ ಬೆಳೆಯಿತು. ಓಕೀಫ್ 1929ರಿಂದ ಬೇಸಗೆಗಳನ್ನು ನ್ಯೂಮೆಕ್ಸಿಕೋದಲ್ಲಿ ಕಳೆಯತೊಡಗಿದಳು. ಇಂತಹ ವಿವರಗಳನ್ನು ಮುಂದಿಟ್ಟುಕೊಂಡು ಒಂದೊಂದು ಚಿತ್ರಕ್ಕೂ ಒಂದೊಂದು ಘಟನೆಯನ್ನು ಜೋಡಿಸುವ ಓದುಗಳು ಸಾಕಷ್ಟು ಬಂದಿವೆ. ಇದಕ್ಕೆ ತೀರ ವಿರುದ್ಧವಾದ ಓದನ್ನು 1979ರಲ್ಲಿ ರೊಸಾಲಿಂಡ್ ಕ್ರೌಸ್ ಮುಂದಿಟ್ಟಳು. ಆಕೆಯ ಪ್ರಕಾರ ಈ ಚಿತ್ರಗಳ ಸಾರವಿರುವುದು ಕತ್ತರಿಸುವಿಕೆಯಲ್ಲಿ: ಅನಂತವಾದ ಆಕಾಶದಿಂದ ಒಂದು ತುಂಡನ್ನು ಬೇರ್ಪಡಿಸಿದಾಗ ನೋಡುಗನ ಕಾಲ ಕೆಳಗಿನ ನೆಲವೇ ಇಲ್ಲವಾಗುತ್ತದೆ, ಮೇಲು-ಕೆಳಗುಗಳ ನೆಚ್ಚಿಕೆ ತಪ್ಪುತ್ತದೆ. ಸ್ಟೀಗ್ಲಿಟ್ಜ್ ಕೆಲವು ಚಿತ್ರಗಳನ್ನು ಒಂದು ಪ್ರದರ್ಶನದಲ್ಲಿ ಒಂದು ದಿಕ್ಕಿನಲ್ಲೂ ಇನ್ನೊಂದರಲ್ಲಿ ಬೇರೆ ದಿಕ್ಕಿನಲ್ಲೂ ತೂಗುಹಾಕಿದ್ದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ.

ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅಗತ್ಯವಿದೆಯೇ ಎಂಬುದು ಅನುಮಾನ. ಜೀವನಚರಿತ್ರೆಯ ಓದು ಚಿತ್ರವನ್ನು ರೋಗಲಕ್ಷಣದ ಮಟ್ಟಕ್ಕೆ ಇಳಿಸುವ ಅಪಾಯವಿದೆ. ಮಗಳ ಕಾಯಿಲೆಯನ್ನು ತಿಳಿದ ಮೇಲೆ ಪ್ರತಿ ಕಪ್ಪು ಮೋಡದಲ್ಲೂ ಅದನ್ನೇ ಕಾಣುವುದು ಹಡಗಿನ ಜನರಲ್ಲಿ ವಲಸಿಗರನ್ನು ಕಂಡಷ್ಟೇ ಸುಲಭ, ಅಷ್ಟೇ ಅಪಾಯಕರ. ಇನ್ನೊಂದೆಡೆ, ಕೇವಲ ರೂಪದ ಓದು ಹಾಳು ಬೀಳುತ್ತಿದ್ದ ತೋಟವನ್ನೂ ಸಾಯುತ್ತಿದ್ದ ತಾಯಿಯನ್ನೂ ಆಕಸ್ಮಿಕಗಳೆಂದು ಬದಿಗೊತ್ತುತ್ತದೆ. ಆದರೆ ಅವುಗಳನ್ನು ಲೇಖನದಲ್ಲಿ ಮೋಡದ ಪಕ್ಕದಲ್ಲೇ ಇಟ್ಟವನು ಸ್ಟೀಗ್ಲಿಟ್ಜ್. ಚಿತ್ರಕ್ಕೂ ಬದುಕಿಗೂ ಸಂಬಂಧವಿದೆ ಎಂಬುದು ಖಚಿತ. ಯಾವ ಚಿತ್ರಕ್ಕೆ ಯಾವ ಸಂಬಂಧ ಎಂಬುದು ಖಚಿತವಲ್ಲ. ಆ ಅನಿಶ್ಚಯವನ್ನು ತುಂಬಿಬಿಡದೆ ಹಾಗೆಯೇ ಕಾಪಾಡಿಕೊಂಡು ನೋಡುವುದು ವಿಮರ್ಶಕರಿಗೆ ಕಷ್ಟವಾಗಿದೆ. ಸ್ವತಃ ಸ್ಟೀಗ್ಲಿಟ್ಜ್‌ಗೂ ಅದು ಕಷ್ಟವಾಗಿತ್ತು.

1928ರಲ್ಲಿ ಹೃದಯದ ಬೇನೆ ಕಾಣಿಸಿಕೊಂಡಿತು. 1933ರಲ್ಲಿ ಆತ ಇತರ ಛಾಯಾಗ್ರಾಹಕರ ಕೃತಿಗಳ ತನ್ನ ದೊಡ್ಡ ಸಂಗ್ರಹವನ್ನು ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ. 1937ರ ಹೊತ್ತಿಗೆ ಕ್ಯಾಮೆರಾವನ್ನು ಕೆಳಗಿಟ್ಟ. 1946ರ ಜುಲೈ 13ರಂದು ನ್ಯೂಯಾರ್ಕಿನಲ್ಲಿ ಸತ್ತ. ಓಕೀಫ್ ಚಿತಾಭಸ್ಮವನ್ನು ಲೇಕ್ ಜಾರ್ಜ್‌ಗೆ ಒಯ್ದು ಸರೋವರದ ಸಮೀಪದ ಒಂದು ಮರದ ಬುಡದಲ್ಲಿ ಹೂತಳು. ಜಾಗ ಯಾವುದೆಂದು ಯಾರಿಗೂ ತಿಳಿಸಲಿಲ್ಲ.

ಆತ ಬಿಟ್ಟುಹೋದ ಸಾವಿರಾರು ಮುದ್ರಿತ ಪ್ರತಿಗಳನ್ನು ವಿಂಗಡಿಸುವ ಕೆಲಸ ಆಕೆಯ ಪಾಲಿಗೆ ಬಂತು. ಆಕೆ ವರ್ಷಗಟ್ಟಲೆ ಕುಳಿತು, ಪ್ರತಿ ಚಿತ್ರದ ಅತ್ಯುತ್ತಮ ಪ್ರತಿಯನ್ನು ಆರಿಸಿ, 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಗೆ ಒಪ್ಪಿಸಿದಳು; 1980ರಲ್ಲಿ ತನ್ನ ಛಾಯಾಚಿತ್ರಗಳನ್ನೂ ಅದಕ್ಕೆ ಸೇರಿಸಿದಳು. 'ಕೀ ಸೆಟ್' ಎಂದು ಹೆಸರಾದ ಈ 1,600ಕ್ಕೂ ಹೆಚ್ಚು ಚಿತ್ರಗಳ ಸಂಗ್ರಹದ ವಿವರವಾದ ಸೂಚಿ 2002ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರತಿ ಮೋಡಕ್ಕೂ ಒಂದು ಸಂಖ್ಯೆಯಿದೆ, ಒಂದು ವರ್ಷವಿದೆ. ಅಚ್ಚಿನ ಪುಟ ಒತ್ತಾಯಿಸುವುದರಿಂದ ಒಂದು ಮೇಲುಭಾಗವೂ ಇದೆ.